ಎಂಜಿನ್ನಿನ ಜಾತಕ



ನಿಮ್ಮ ಮನೆಯಲ್ಲಿ ಯಾರಾದರೂ ಸೆಕೆಂಡ್ ಹ್ಯಾಂಡ್ ಸ್ಕೂಟರನ್ನೋ ಬೈಕನ್ನೋ ಕೊಂಡದ್ದುಂಟೆ? ಕೊಳ್ಳುವ ದಿನ ಪರಿಚಯದ ಮೆಕ್ಯಾನಿಕ್ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುವುದು ವಾಡಿಕೆ. ಆತ ಗಾಡಿಯ ಬಣ್ಣಕ್ಕೆ ಮರುಳಾಗುವವನಲ್ಲ. ಸ್ಟಾರ್ಟ್ ಮಾಡಿ ಹೊಗೆಯನ್ನು ನೋಡುತ್ತಾನೆ, ಸದ್ದಿಗೆ ಕಿವಿಗೊಡುತ್ತಾನೆ. ಕೊನೆಗೆ ಮಾರುವವರನ್ನು ಒಂದು ಪ್ರಶ್ನೆ ಕೇಳುತ್ತಾನೆ: “ಎಂಜಿನ್ ಬಿಚ್ಚಿದ್ದೀರಾ?”

ಈ ಪ್ರಶ್ನೆಯನ್ನು ಸ್ವಲ್ಪ ಯೋಚಿಸಿ ನೋಡಿ. ಅದು ಯಂತ್ರದ ಇತಿಹಾಸವನ್ನು ಕುರಿತ ಪ್ರಶ್ನೆ. ಇದುವರೆಗೆ ಎಷ್ಟು ಓಡಿದೆ, ಎಲ್ಲಿ ಕೆಟ್ಟಿತು, ಯಾರು ಸರಿಪಡಿಸಿದರು, ಏನನ್ನು ಬದಲಾಯಿಸಿದರು? ಉತ್ತರ ಸುಳ್ಳಾದರೆ ಸ್ಕೂಟರ್ ರಸ್ತೆಯ ನಡುವೆ ನಿಲ್ಲುತ್ತದೆ, ತಳ್ಳಿಕೊಂಡು ಹೋದರಾಯಿತು. ಆದರೆ ಕೊಳ್ಳುವ ವಸ್ತು ಒಂದು ಪುಟ್ಟ ವಿಮಾನವಾಗಿದ್ದರೆ? ಆಕಾಶದಲ್ಲಿ ಪಕ್ಕಕ್ಕೆ ನಿಲ್ಲಿಸಲು ಜಾಗವಿಲ್ಲ. ಆದ್ದರಿಂದಲೇ ವಿಮಾನದ ಎಂಜಿನ್ನಿಗೆ ಅದರದೇ ಆದ ಒಂದು ಪುಸ್ತಕವಿರುತ್ತದೆ. ಜಾತಕವು ಮುಂದೆ ಆಗುವುದನ್ನು ಹೇಳುತ್ತದೆ ಎಂದು ನಂಬುವವರಿದ್ದಾರೆ. ಈ ಪುಸ್ತಕ ಹೇಳುವುದು ಆಗಿಹೋದದ್ದನ್ನು ಮಾತ್ರ. ಆದರೂ ಎಂಜಿನ್ನಿನ ಮುಂದಿನ ಆಯುಷ್ಯವನ್ನು ಬಲ್ಲವರು ಊಹಿಸುವುದು ಇದರಿಂದಲೇ. ಇಂಥ ಪುಸ್ತಕ ಏಕೆ ಬೇಕಾಯಿತು, ಅದನ್ನು ಓದುವುದು ಹೇಗೆ ಎಂಬುದನ್ನು ಹಳೆಯ ವಿಮಾನಗಳನ್ನು ಕೊಂಡ ಮೂವರ ಕಥೆಯ ಮೂಲಕ ನೋಡೋಣ.

ಯುದ್ಧ ಮುಗಿದ ಮೇಲಿನ ಮಾರುಕಟ್ಟೆ

1918ರ ನವೆಂಬರಿನಲ್ಲಿ ಮೊದಲನೆಯ ಮಹಾಯುದ್ಧ ಮುಗಿಯಿತು. ಸೈನ್ಯಗಳ ಬಳಿ ಸಾವಿರಾರು ವಿಮಾನಗಳು, ಪೆಟ್ಟಿಗೆ ಬಿಚ್ಚದ ಎಂಜಿನ್ನುಗಳು ಉಳಿದುಕೊಂಡವು. ಅಮೆರಿಕದಲ್ಲಿ ಹೀಗೆ ಉಳಿದವುಗಳಲ್ಲಿ ಮುಖ್ಯವಾದದ್ದು ಕರ್ಟಿಸ್ ಕಂಪನಿಯ ‘ಜೆನ್ನಿ’ ಎಂಬ ತರಬೇತಿ ವಿಮಾನ. ಮರದ ಚೌಕಟ್ಟು, ಬಟ್ಟೆಯ ಹೊದಿಕೆ, ಎರಡು ಆಸನ, 90 ಅಶ್ವಶಕ್ತಿಯ ಓಎಕ್ಸ್-5 ಎಂಜಿನ್. ಸರ್ಕಾರ ಇವನ್ನು ಅಗ್ಗದ ಬೆಲೆಗೆ ಮಾರಿತು. ಹಳ್ಳಿ ಪಟ್ಟಣಗಳ ಬಯಲುಗಳಲ್ಲಿ ಜನರನ್ನು ಕೂರಿಸಿಕೊಂಡು ಒಂದು ಸುತ್ತು ಹಾರಿಸಿ, ಆ ಹಣದಿಂದ ಬದುಕುವ ವಿಮಾನಿಗರ ತಲೆಮಾರೊಂದು ಹುಟ್ಟಿಕೊಂಡಿತು.

1923ರಲ್ಲಿ ಇಪ್ಪತ್ತೊಂದು ವರ್ಷದ ಯುವಕನೊಬ್ಬ ಜಾರ್ಜಿಯಾ ರಾಜ್ಯದ ಅಮೆರಿಕಸ್ ಊರಿನ ಸೌದರ್ ಫೀಲ್ಡ್‌ಗೆ ಹೋಗಿ 500 ಡಾಲರಿಗೆ ಒಂದು ಜೆನ್ನಿಯನ್ನು ಕೊಂಡ. ಅವನ ಹೆಸರು ಚಾರ್ಲ್ಸ್ ಲಿಂಡ್‌ಬರ್ಗ್. ನಾಲ್ಕು ವರ್ಷಗಳ ನಂತರ, 1927ರಲ್ಲಿ, ನ್ಯೂಯಾರ್ಕಿನಿಂದ ಪ್ಯಾರಿಸ್‌ಗೆ ಒಬ್ಬನೇ ಹಾರಿ ಲೋಕಪ್ರಸಿದ್ಧನಾದವನು ಇವನೇ. ಆದರೆ ಜೆನ್ನಿ ಕೊಂಡ ದಿನದವರೆಗೆ ಆತ ಒಬ್ಬನೇ ವಿಮಾನ ಹಾರಿಸಿದವನೇ ಅಲ್ಲ. ಆ 500 ಡಾಲರಿಗೆ ಅವನಿಗೆ ದೊರೆತದ್ದು ಹೊಸದೊಂದು ಓಎಕ್ಸ್-5 ಎಂಜಿನ್, ಹೊಸ ಬಣ್ಣ ಮತ್ತು 20 ಗ್ಯಾಲನ್ನಿನ ಹೆಚ್ಚುವರಿ ಪೆಟ್ರೋಲ್ ಟ್ಯಾಂಕು.

ಇತಿಹಾಸದ ವಿದ್ಯಾರ್ಥಿಯಾಗಿ ಈ ಮೂರನ್ನೂ ಪರೀಕ್ಷಿಸಿ. ‘ಹೊಸ ಎಂಜಿನ್’ ಎಂದರೆ ಏನು? ಯುದ್ಧಕಾಲದಲ್ಲಿ ತಯಾರಾಗಿ ಅನೇಕ ವರ್ಷ ಪೆಟ್ಟಿಗೆಯಲ್ಲೇ ಕುಳಿತಿದ್ದ ಎಂಜಿನ್ನೂ ಆಗ ಹೊಸದೆಂದೇ ಮಾರಾಟವಾಗುತ್ತಿತ್ತು. ‘ಹೊಸ ಬಣ್ಣ’ದ ಅಡಿಯಲ್ಲಿ ಏನಿದೆ ಎಂಬುದನ್ನು ಬಣ್ಣ ಹೇಳುವುದಿಲ್ಲ. ‘ಹೆಚ್ಚುವರಿ ಟ್ಯಾಂಕು’ ಎಂದರೆ ತಯಾರಕರು ರೂಪಿಸಿದ ವಿಮಾನಕ್ಕೆ ಆಮೇಲೆ ಯಾರೋ ಮಾಡಿದ ಮಾರ್ಪಾಡು. ಅದರಿಂದ ದೂರ ಹಾರಬಹುದು, ನಿಜ. ಆದರೆ ತೂಕ ಹೆಚ್ಚುತ್ತದೆ, ಆ ತೂಕ ಎಲ್ಲಿ ಕೂರುತ್ತದೆ ಎಂಬುದರ ಮೇಲೆ ವಿಮಾನದ ಸಮತೋಲ ಬದಲಾಗುತ್ತದೆ. ಲಿಂಡ್‌ಬರ್ಗ್‌ಗೆ ಅದೃಷ್ಟ ಒಲಿಯಿತು. ಎಲ್ಲರಿಗೂ ಒಲಿಯಲಿಲ್ಲ.

ಬೆಸ್ಸಿ ಕೋಲ್ಮನ್ ಅವರ ಕೊನೆಯ ವಿಮಾನ

ಬೆಸ್ಸಿ ಕೋಲ್ಮನ್ 1892ರಲ್ಲಿ ಟೆಕ್ಸಾಸ್ ರಾಜ್ಯದ ಬಡ ಕುಟುಂಬದಲ್ಲಿ ಹುಟ್ಟಿದ ಕಪ್ಪು ಜನಾಂಗದ ಹೆಣ್ಣುಮಗಳು. ಅಮೆರಿಕದ ವಿಮಾನ ಶಾಲೆಗಳು ಅವರನ್ನು ಸೇರಿಸಿಕೊಳ್ಳಲಿಲ್ಲ. ಅವರು ಫ್ರೆಂಚ್ ಭಾಷೆ ಕಲಿತರು, ಫ್ರಾನ್ಸಿಗೆ ಹೋದರು, 1921ರ ಜೂನ್ 15ರಂದು ವಿಮಾನ ಚಾಲನೆಯ ಪರವಾನಗಿ ಪಡೆದೇ ಬಿಟ್ಟರು. ಅದನ್ನು ಪಡೆದ ಮೊದಲ ಆಫ್ರಿಕನ್ ಅಮೆರಿಕನ್ ಮಹಿಳೆ ಅವರು. ತಾಯ್ನಾಡಿಗೆ ಮರಳಿ ವಿಮಾನ ಪ್ರದರ್ಶನಗಳನ್ನು ನೀಡುತ್ತ, ತಮ್ಮ ಜನರಿಗಾಗಿ ಒಂದು ವಿಮಾನ ಶಾಲೆ ತೆರೆಯಬೇಕೆಂದು ಹಣ ಕೂಡಿಸುತ್ತಿದ್ದರು.

1926ರಲ್ಲಿ ಅವರು ಡಲ್ಲಾಸ್ ನಗರದಲ್ಲಿ ಹಳೆಯ ಜೆನ್ನಿಯೊಂದನ್ನು ಕೊಂಡರು. ವಿಲಿಯಂ ವಿಲ್ಸ್ ಎಂಬ ಮೆಕ್ಯಾನಿಕ್ ಅದನ್ನು ಅಲ್ಲಿಂದ ಫ್ಲಾರಿಡಾದ ಜಾಕ್ಸನ್‌ವಿಲ್‌ಗೆ ಹಾರಿಸಿಕೊಂಡು ಬಂದರು. ದಾರಿಯಲ್ಲಿ ಮೂರು ಸಲ ಎಂಜಿನ್ ತೊಂದರೆಯಿಂದ ವಿಮಾನವನ್ನು ನೆಲಕ್ಕಿಳಿಸಬೇಕಾಯಿತು. ಏಪ್ರಿಲ್ 30ರಂದು, ಮರುದಿನದ ಪ್ರದರ್ಶನಕ್ಕೆ ಸ್ಥಳ ನೋಡಿಕೊಳ್ಳಲು ಇಬ್ಬರೂ ಮೇಲಕ್ಕೇರಿದರು. ವಿಲ್ಸ್ ಚಾಲಕರ ಆಸನದಲ್ಲಿದ್ದರು. ಕೋಲ್ಮನ್ ಕೆಳಗೆ ಬಗ್ಗಿ ನೆಲವನ್ನು ನೋಡುವ ಸಲುವಾಗಿ ಆಸನದ ಪಟ್ಟಿಯನ್ನು ಕಟ್ಟಿಕೊಂಡಿರಲಿಲ್ಲ. ವಿಮಾನ ಇದ್ದಕ್ಕಿದ್ದಂತೆ ಮೂಗು ಕೆಳಗೆ ಮಾಡಿ ಧುಮುಕಿ ಗಿರಗಿರನೆ ಸುತ್ತಿತು. ಕೋಲ್ಮನ್ ಹೊರಕ್ಕೆ ಎಸೆಯಲ್ಪಟ್ಟು ಸತ್ತರು. ವಿಲ್ಸ್ ವಿಮಾನದೊಡನೆ ನೆಲಕ್ಕಪ್ಪಳಿಸಿ ಸತ್ತರು. ಎಂಜಿನ್ ಕೆಲಸಕ್ಕೆ ಬಳಸುವ ಸ್ಪ್ಯಾನರ್ ಒಂದು ಯಂತ್ರಭಾಗಗಳ ನಡುವೆ ಸಿಕ್ಕಿಕೊಂಡಿದ್ದು ಅವಶೇಷಗಳಲ್ಲಿ ಕಂಡುಬಂತು.

ಮೂರು ಬಾರಿ ಬಲವಂತವಾಗಿ ಇಳಿಯಬೇಕಾಗಿ ಬಂದದ್ದು ಆ ಎಂಜಿನ್ ತನ್ನ ಇತಿಹಾಸವನ್ನು ತಾನೇ ಹೇಳಿಕೊಂಡ ಹಾಗೆ. ಆದರೆ ಹಿಂದಿನ ಮಾಲೀಕರು ಏನು ಮಾಡಿದ್ದರು, ಎಷ್ಟು ಗಂಟೆ ಓಡಿಸಿದ್ದರು ಎಂದು ತೋರಿಸುವ ದಾಖಲೆ ಇರಲೇಬೇಕೆಂಬ ರಾಷ್ಟ್ರೀಯ ಕಾನೂನು ಆಗ ಅಮೆರಿಕದಲ್ಲಿ ಇರಲಿಲ್ಲ. ವಿಮಾನ ನೋಂದಣಿ, ಯೋಗ್ಯತಾ ಪರೀಕ್ಷೆ, ಮೆಕ್ಯಾನಿಕ್‌ಗಳಿಗೆ ಪರವಾನಗಿ ಇವೆಲ್ಲಕ್ಕೂ ಅಲ್ಲಿ ದಾರಿಯಾದದ್ದು ವಾಯು ವಾಣಿಜ್ಯ ಕಾಯ್ದೆಯಿಂದ. ಆ ಕಾಯ್ದೆಗೆ ಅಧ್ಯಕ್ಷರ ಅಂಕಿತ ಬಿದ್ದದ್ದು 1926ರ ಮೇ 20ರಂದು. ಕೋಲ್ಮನ್ ತೀರಿಕೊಂಡ ಇಪ್ಪತ್ತನೆಯ ದಿನ.

ಲಾಗ್ ಪುಸ್ತಕ ಬಂದ ಬಗೆ

ಸರ್ಕಾರಿ ಜೀಪಿನ ಲಾಗ್ ಬುಕ್ಕನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಎಷ್ಟು ಹೊತ್ತಿಗೆ ಹೊರಟಿತು, ಎಲ್ಲಿಗೆ ಹೋಯಿತು, ಎಷ್ಟು ಕಿಲೋಮೀಟರ್, ಕೊನೆಯಲ್ಲಿ ಸಹಿ. ಈ ಪದ್ಧತಿ ಹಡಗಿನಿಂದ ಬಂದದ್ದು. 1919ರ ಪ್ಯಾರಿಸ್ ಒಪ್ಪಂದವು ಅಂತರರಾಷ್ಟ್ರೀಯ ವಿಮಾನ ಸಂಚಾರಕ್ಕೆ ನಿಯಮಗಳನ್ನು ರೂಪಿಸಿದಾಗ ಲಾಗ್ ಪುಸ್ತಕಗಳನ್ನೂ ಸೇರಿಸಿತು. ಪಯಣಕ್ಕೆ ಒಂದು, ವಿಮಾನದ ದೇಹಕ್ಕೆ ಒಂದು, ಎಂಜಿನ್ನಿಗೆ ಪ್ರತ್ಯೇಕವಾಗಿ ಒಂದು.

ಎಂಜಿನ್ನಿಗೆ ಬೇರೆ ಪುಸ್ತಕ ಏಕೆ? ಏಕೆಂದರೆ ಎಂಜಿನ್ ಒಂದೇ ವಿಮಾನದಲ್ಲಿ ಕೊನೆಯವರೆಗೂ ಇರುವುದಿಲ್ಲ. ಅದನ್ನು ಕಳಚಿ ದುರಸ್ತಿಗೆ ಕಳಿಸುತ್ತಾರೆ. ಅದರ ಜಾಗದಲ್ಲಿ ಮತ್ತೊಂದನ್ನು ಕೂರಿಸುತ್ತಾರೆ. ಮೊದಲನೆಯದು ಮುಂದೆ ಬೇರೊಂದು ವಿಮಾನ ಸೇರುತ್ತದೆ. ದೇಹದ ಚರಿತ್ರೆ ಬೇರೆ, ಹೃದಯದ ಚರಿತ್ರೆ ಬೇರೆ. ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆದರೆ ಎಂಜಿನ್ ಊರು ಬಿಟ್ಟಾಗ ಅದರ ಕಥೆ ಹಿಂದೆಯೇ ಉಳಿದುಬಿಡುತ್ತದೆ.

ಇದೇ ಕಾಲದಲ್ಲಿ ಬ್ರಿಟನ್ನಿನಲ್ಲಿ ಸಾಮಾನ್ಯರೂ ಕೊಳ್ಳಬಹುದಾದ ಪುಟ್ಟ ವಿಮಾನ ಹುಟ್ಟಿತು. ಡಿ ಹ್ಯಾವಿಲೆಂಡ್ ಕಂಪನಿಯ ‘ಮಾತ್’ 1925ರ ಫೆಬ್ರವರಿಯಲ್ಲಿ ಮೊದಲು ಹಾರಿತು. ಅದರ ಸಿರಸ್ ಎಂಜಿನ್ನಿನ ಹುಟ್ಟೇ ಸ್ವಾರಸ್ಯಕರ. ಯುದ್ಧದಲ್ಲಿ ಉಳಿದಿದ್ದ ರೆನೋ ಎಂಜಿನ್ನುಗಳಿಂದ ಬಂದ ಎಂಟು ಸಿಲಿಂಡರಿನ ಎಂಜಿನ್ನನ್ನು ಫ್ರಾಂಕ್ ಹಾಲ್ಫರ್ಡ್ ಎಂಬ ಎಂಜಿನಿಯರ್ ಅರ್ಧ ಮಾಡಿದ. ಒಂದು ಸಾಲಿನ ನಾಲ್ಕು ಸಿಲಿಂಡರುಗಳನ್ನು ತೆಗೆದುಕೊಂಡು ಹೊಸ ಪೆಟ್ಟಿಗೆಗೆ ಜೋಡಿಸಿದ. ಅಂದರೆ ಹಳೆಯ ಸಾಮಾನಿನಿಂದಲೇ ಹೊಸ ಯುಗ ಆರಂಭವಾಯಿತು. ಆ ಹಳೆಯ ದಾಸ್ತಾನು ಮುಗಿಯುತ್ತ ಬಂದಾಗ, 1927ರಲ್ಲಿ, ಅದೇ ಹಾಲ್ಫರ್ಡ್ ಸುಮಾರು 100 ಅಶ್ವಶಕ್ತಿಯ ‘ಜಿಪ್ಸಿ’ ಎಂಜಿನ್ನನ್ನು ಹೊಸದಾಗಿ ರೂಪಿಸಿದ.

ಈ ಎಂಜಿನ್ ನಂಬಿಕೆಗೆ ಅರ್ಹವೆಂದು ಜನರಿಗೆ ತೋರಿಸುವುದು ಹೇಗೆ? ಕಂಪನಿ ಒಂದು ಜಿಪ್ಸಿ ಎಂಜಿನ್ನಿಗೆ ಮೊಹರು ಹಾಕಿ, ಯಾರೂ ಬಿಚ್ಚದಂತೆ ಮಾಡಿ, 1928ರ ಡಿಸೆಂಬರ್ ಕೊನೆಯಿಂದ 1929ರ ಸೆಪ್ಟೆಂಬರ್‌ವರೆಗೆ 600 ಗಂಟೆ ಹಾರಿಸಿತು. ನಂತರ ಮೊಹರು ಒಡೆದು ಬಿಚ್ಚಿ ಅಳೆದಾಗ, ಬದಲಾಯಿಸಬೇಕಾದ ಭಾಗಗಳ ಬೆಲೆ ಏಳು ಪೌಂಡಿಗಿಂತ ಸ್ವಲ್ಪವೇ ಹೆಚ್ಚು. ಆ ಎಂಜಿನ್ನಿನ ಇತಿಹಾಸದಲ್ಲಿ ಒಂದು ಗಂಟೆಯೂ ಬಿಟ್ಟುಹೋಗಿರಲಿಲ್ಲ, ಒಂದು ನಟ್ಟನ್ನೂ ಗುಟ್ಟಾಗಿ ತಿರುಗಿಸಿರಲಿಲ್ಲ. ಜನ ನಂಬಿದ್ದು ಅದರಿಂದ.

ಏಮಿ ಜಾನ್ಸನ್ ಕೊಂಡ ಹಳೆಯ ಮಾತ್

ಏಮಿ ಜಾನ್ಸನ್ ಇಂಗ್ಲೆಂಡಿನ ಹಲ್ ಪಟ್ಟಣದ ಮೀನು ವ್ಯಾಪಾರಿಯೊಬ್ಬರ ಮಗಳು. ಶೆಫೀಲ್ಡ್ ವಿಶ್ವವಿದ್ಯಾನಿಲಯದ ಪದವೀಧರೆ. ಲಂಡನ್ನಿನ ವಕೀಲರ ಕಚೇರಿಯಲ್ಲಿ ಕಾರ್ಯದರ್ಶಿಯಾಗಿದ್ದುಕೊಂಡು, ಬಿಡುವಿನ ವೇಳೆಯಲ್ಲಿ ವಿಮಾನ ಹಾರಿಸುವುದನ್ನು ಕಲಿತರು. ಅಷ್ಟಕ್ಕೇ ನಿಲ್ಲಲಿಲ್ಲ. ಹ್ಯಾಂಗರಿನಲ್ಲಿ ಮೆಕ್ಯಾನಿಕ್‌ಗಳ ಜೊತೆ ಕೈ ಮಸಿ ಮಾಡಿಕೊಂಡು ಎಂಜಿನ್ ಕೆಲಸ ಕಲಿತು, 1929ರ ಕೊನೆಗೆ ನೆಲದ ಎಂಜಿನಿಯರ್ ಪರವಾನಗಿಯನ್ನೂ ಪಡೆದರು. ಬ್ರಿಟನ್ನಿನಲ್ಲಿ ಇದನ್ನು ಪಡೆದ ಮೊದಲ ಮಹಿಳೆ ಅವರು.

ಒಬ್ಬರೇ ಆಸ್ಟ್ರೇಲಿಯಾಕ್ಕೆ ಹಾರಬೇಕೆಂಬುದು ಅವರ ಆಸೆ. ಹೊಸ ವಿಮಾನಕ್ಕೆ ಹಣ ಸಾಲದು. ತಂದೆಯವರೂ ಎಣ್ಣೆ ವ್ಯಾಪಾರದ ಶ್ರೀಮಂತರಾದ ಲಾರ್ಡ್ ವೇಕ್‌ಫೀಲ್ಡ್ ಅವರೂ ನೆರವಾದರು. 1930ರಲ್ಲಿ ಅವರು 600 ಪೌಂಡಿಗೆ ಕೊಂಡದ್ದು 1928ರ ಒಂದು ಜಿಪ್ಸಿ ಮಾತ್, ನೋಂದಣಿ ಸಂಖ್ಯೆ ಜಿ-ಎಎಎಎಚ್. ಕ್ಯಾಪ್ಟನ್ ಹೋಪ್ ಎಂಬ ಅನುಭವಿ ವಿಮಾನಿಗರ ಬಳಿ ಇದ್ದ ಅದಕ್ಕೆ ದೂರ ಪಯಣಕ್ಕೆಂದು ಹೆಚ್ಚುವರಿ ಪೆಟ್ರೋಲ್ ಟ್ಯಾಂಕುಗಳನ್ನು ಮೊದಲೇ ಅಳವಡಿಸಲಾಗಿತ್ತು. ಏಮಿ ಅದಕ್ಕೆ ತಂದೆಯ ವ್ಯಾಪಾರ ಮುದ್ರೆಯಾದ ‘ಜೇಸನ್’ ಎಂಬ ಹೆಸರಿಟ್ಟರು.

ಕೋಲ್ಮನ್ ಅವರ ಜೆನ್ನಿಯೂ ಹಳೆಯದು, ಏಮಿಯವರ ಮಾತ್ ಕೂಡ ಹಳೆಯದು. ಆದರೆ ಇಬ್ಬರ ಸ್ಥಿತಿಯಲ್ಲಿ ಎಷ್ಟು ವ್ಯತ್ಯಾಸ! ಏಮಿಯವರ ದೇಶದಲ್ಲಿ ವಿಮಾನಕ್ಕೆ ಲಾಗ್ ಪುಸ್ತಕ ಕಡ್ಡಾಯವಾಗಿತ್ತು. ಎಂಜಿನ್ನಿನ ಮಾದರಿ ಬಹಿರಂಗವಾಗಿ ಪರೀಕ್ಷೆಗೊಳಗಾಗಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಪುಸ್ತಕದಲ್ಲಿ ಬರೆದದ್ದು ಲೋಹದಲ್ಲಿಯೂ ನಿಜವೇ ಎಂದು ಬಿಚ್ಚಿ ನೋಡುವ ವಿದ್ಯೆ ಕೊಳ್ಳುವವರ ಕೈಯಲ್ಲೇ ಇತ್ತು. ಕೋಲ್ಮನ್ ಅವರಿಗೆ ಧೈರ್ಯ ಕಡಿಮೆಯಿತ್ತೆಂದು ಯಾರೂ ಹೇಳಲಾರರು. ಅವರಿಗೆ ದೊರೆಯದೆ ಹೋದದ್ದು ಈ ವ್ಯವಸ್ಥೆ.

ಝಾನ್ಸಿಯ ಮೈದಾನ, ರಂಗೂನಿನ ಅಂಗಿ

1930ರ ಮೇ 5ರಂದು ಏಮಿ ಲಂಡನ್ನಿನ ಕ್ರಾಯ್ಡನ್ ನಿಲ್ದಾಣದಿಂದ ಹೊರಟರು. ವಿಯೆನ್ನಾ, ಕಾನ್‌ಸ್ಟಾಂಟಿನೋಪಲ್, ಅಲೆಪ್ಪೊ, ಬಾಗ್ದಾದ್ ದಾಟಿ ಆರು ದಿನಗಳಲ್ಲಿ ಕರಾಚಿ ತಲುಪಿದರು. ಹೆಚ್ಚುವರಿ ಟ್ಯಾಂಕಿನ ಪೆಟ್ರೋಲನ್ನು ಹಾರುತ್ತಲೇ ಕೈ ಪಂಪಿನಿಂದ ಮೇಲಕ್ಕೇರಿಸಬೇಕಿತ್ತು. ಅದರ ವಾಸನೆಗೆ ಹೊಟ್ಟೆ ತೊಳೆಸುತ್ತಿತ್ತು. ಮಾರ್ಪಾಡು ಕೊಡುವುದನ್ನು ಕೊಟ್ಟು, ತನ್ನದೇ ಆದ ಕಷ್ಟವನ್ನೂ ತರುತ್ತದೆ. ಇಳಿದಲ್ಲೆಲ್ಲ ದಣಿವನ್ನು ಬದಿಗಿಟ್ಟು ಎಂಜಿನ್ನಿನ ಆರೈಕೆಗೆ ಅವರೇ ನಿಲ್ಲುತ್ತಿದ್ದರು.

ಅಲಹಾಬಾದ್ ತಲುಪುವ ಮೊದಲೇ ಪೆಟ್ರೋಲ್ ಸಾಲದಾಗಿ ಝಾನ್ಸಿಯಲ್ಲಿ ಸೈನಿಕರ ಕವಾಯತು ಮೈದಾನಕ್ಕೆ ಇಳಿದರು. ಆಗ ಬ್ರಿಟಿಷ್ ಇಂಡಿಯಾಕ್ಕೆ ಸೇರಿದ್ದ ಬರ್ಮಾದಲ್ಲಿ, ರಂಗೂನ್ ಸಮೀಪದ ಇನ್ಸೇನ್ ಎಂಬಲ್ಲಿ, ಆಟದ ಬಯಲಿಗಿಳಿದ ಜೇಸನ್ ಹಳ್ಳಕ್ಕೆ ನುಗ್ಗಿ ರೆಕ್ಕೆ, ಪ್ರೊಪೆಲರ್, ಚಕ್ರದ ಕಾಲುಗಳನ್ನು ಮುರಿದುಕೊಂಡಿತು. ಅದು ತಾಂತ್ರಿಕ ವಿದ್ಯಾಲಯದ ಬಯಲಾಗಿದ್ದದ್ದು ಭಾಗ್ಯ. ಅಲ್ಲಿನವರು ದುರಸ್ತಿಗೆ ನಿಂತರು. ರೆಕ್ಕೆಗೆ ಬಟ್ಟೆ? ಯುದ್ಧದಲ್ಲಿ ಉಳಿದ ವಿಮಾನದ ಬಟ್ಟೆಯಿಂದ ಅಂಗಿ ಹೊಲಿಸಿಕೊಂಡಿದ್ದರು. ಆ ಅಂಗಿಗಳನ್ನೇ ಬಿಚ್ಚಿ ರೆಕ್ಕೆಗೆ ಹೊದಿಸಿದರು. ಏಮಿ ಮೇ 24ರಂದು ಆಸ್ಟ್ರೇಲಿಯಾದ ಡಾರ್ವಿನ್ ತಲುಪಿದರು. ಈಗ ಆ ವಿಮಾನ ಲಂಡನ್ನಿನ ಸೈನ್ಸ್ ಮ್ಯೂಸಿಯಮ್ಮಿನಲ್ಲಿದೆ.

ಇಲ್ಲೊಂದು ಪ್ರಶ್ನೆ. ಆ ಜೇಸನ್ನನ್ನು 1931ರಲ್ಲಿ ಯಾರಾದರೂ ಕೊಳ್ಳಲು ಬಂದಿದ್ದರೆ, ರೆಕ್ಕೆಯೊಳಗೆ ಅಂಗಿಯ ಬಟ್ಟೆ ಇದೆ, ಪ್ರೊಪೆಲರ್ ನೆಲಕ್ಕೆ ಬಡಿದಿತ್ತು ಎಂಬುದು ಅವರಿಗೆ ಹೇಗೆ ತಿಳಿಯಬೇಕು? ಬರೆದಿಟ್ಟರೆ ಮಾತ್ರ ತಿಳಿಯುತ್ತದೆ.

ಅದೇ 1930ರ ಮೇ ತಿಂಗಳಲ್ಲಿ, ಇಂಗ್ಲೆಂಡ್ ಮತ್ತು ಭಾರತದ ನಡುವೆ ಒಬ್ಬರೇ ಹಾರುವ ಮೊದಲ ಭಾರತೀಯರಿಗೆಂದು ಆಗಾ ಖಾನ್ ಇಟ್ಟಿದ್ದ 500 ಪೌಂಡ್ ಬಹುಮಾನಕ್ಕಾಗಿ ನಮ್ಮ ಯುವಕರೂ ಜಿಪ್ಸಿ ಮಾತ್‌ಗಳಲ್ಲಿ ಹಾರುತ್ತಿದ್ದರು. ಕರಾಚಿಯಿಂದ ಹೊರಟಿದ್ದ ಜೆ.ಆರ್.ಡಿ. ಟಾಟಾ ಈಜಿಪ್ಟಿನ ಅಬೂಕೀರ್‌ನಲ್ಲಿ ಇಳಿದಾಗ, ಎದುರು ದಿಕ್ಕಿನಿಂದ ಬಂದಿದ್ದ ಆಸ್ಪಿ ಎಂಜಿನಿಯರ್ ಸ್ಪಾರ್ಕ್ ಪ್ಲಗ್ ಇಲ್ಲದೆ ಅಲ್ಲೇ ಸಿಕ್ಕಿಬಿದ್ದಿದ್ದರು. ಟಾಟಾ ತಮ್ಮ ಬಳಿಯಿದ್ದ ಪ್ಲಗ್ಗುಗಳನ್ನು ಕೊಟ್ಟರು. ಬಹುಮಾನ ಆಸ್ಪಿಯವರ ಪಾಲಾಯಿತು. ಮುಂದೆ ಅವರು ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ಮುಖ್ಯಸ್ಥರಾಗಿಯೂ ವಾಯುಪಡೆಯ ದಂಡನಾಯಕರಾಗಿಯೂ ದುಡಿದರು.

ಜಿಪ್ಸಿಯ ಕುಲ ಕನ್ನಡ ನಾಡಿಗೂ ಬಂತು. 1932ರ ಅಕ್ಟೋಬರ್ 15ರಂದು ಟಾಟಾ ಅಂಚೆ ವಿಮಾನ ಸೇವೆ ಆರಂಭವಾದಾಗ, ಮುಂಬಯಿಯಿಂದ ಮದರಾಸಿಗೆ ಹೊರಟ ನೆವಿಲ್ ವಿನ್ಸೆಂಟ್ ರಾತ್ರಿ ತಂಗಿದ್ದು ಬಳ್ಳಾರಿಯಲ್ಲಿ. ಅವರ ‘ಪಸ್ ಮಾತ್’ ವಿಮಾನದಲ್ಲಿದ್ದದ್ದು ಜಿಪ್ಸಿ-3 ಎಂಜಿನ್. 1951ರ ಆಗಸ್ಟ್ 5ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ, ಡಾ. ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ತರಬೇತಿ ವಿಮಾನದ ಮೊದಲ ಮಾದರಿಗೆ ಜೋಡಿಸಿದ್ದು ಅದೇ ಕುಲದ ಜಿಪ್ಸಿ ಮೇಜರ್.

ಪುಸ್ತಕವನ್ನು ಓದುವ ಕ್ರಮ

ಇಂದು ಹಳೆಯ ಪುಟ್ಟ ವಿಮಾನವೊಂದನ್ನು ಕೊಳ್ಳುವವರು ಲಾಗ್ ಪುಸ್ತಕವನ್ನು ಮುಂದಿಟ್ಟುಕೊಂಡು ಏನು ಕೇಳುತ್ತಾರೆ?

ಮೊದಲನೆಯದಾಗಿ, ಪುಸ್ತಕದಲ್ಲಿರುವ ಎಂಜಿನ್ ಸಂಖ್ಯೆಯೂ ಎಂಜಿನ್ನಿನ ಮೈಮೇಲಿನ ಫಲಕದ ಸಂಖ್ಯೆಯೂ ಒಂದೆಯೇ? ಬೇರೆಯಾದರೆ ಉಳಿದ ಪುಟಗಳನ್ನು ಓದಿ ಪ್ರಯೋಜನವಿಲ್ಲ.

ಎರಡನೆಯದು ಗಂಟೆಗಳ ಲೆಕ್ಕ. ಒಟ್ಟು ಎಷ್ಟು ಗಂಟೆ ಓಡಿದೆ, ಪೂರ್ತಿ ಬಿಚ್ಚಿ ಅಳೆದು ಜೋಡಿಸಿದ ಮೇಲೆ, ಅಂದರೆ ಓವರ್‌ಹಾಲ್ ಆದ ಮೇಲೆ ಎಷ್ಟು ಗಂಟೆ ಓಡಿದೆ? ಸೆಸ್ನಾ-172ರ ಅನೇಕ ಮಾದರಿಗಳಲ್ಲಿ ಬಳಸಿರುವ ಲೈಕಮಿಂಗ್ ಓ-320 ಎಂಜಿನ್ನಿಗೆ 2000 ಗಂಟೆ ಅಥವಾ 12 ವರ್ಷ, ಯಾವುದು ಮೊದಲೋ ಆಗ ಓವರ್‌ಹಾಲ್ ಮಾಡಿಸಬೇಕೆಂದು ತಯಾರಕರು ಹೇಳುತ್ತಾರೆ. ಸಿಲಿಂಡರುಗಳನ್ನಷ್ಟೇ ಬಿಚ್ಚಿ ಸರಿಪಡಿಸುವುದು ಬೇರೆ, ಪೂರ್ತಿ ಓವರ್‌ಹಾಲ್ ಬೇರೆ. ಜಾಹೀರಾತಿನಲ್ಲಿ ಇವೆರಡೂ ಒಂದೇ ಎಂಬಂತೆ ಕಾಣಬಹುದು. ಪುಸ್ತಕದ ಸಾಲುಗಳಲ್ಲಿ ವ್ಯತ್ಯಾಸ ತಿಳಿಯುತ್ತದೆ.

ಮೂರನೆಯದು ಖಾಲಿ ಜಾಗ. ‘ಇಪ್ಪತ್ತು ವರ್ಷದಲ್ಲಿ ಕೇವಲ 300 ಗಂಟೆ’ ಎಂದರೆ ಕೊಳ್ಳುವವರಿಗೆ ಸಂತೋಷವಾಗಬಾರದು, ಸಂಶಯ ಬರಬೇಕು. ಓಡದೆ ನಿಂತ ಎಂಜಿನ್ನಿನ ಒಳಗೆ ಎಣ್ಣೆ ಇಳಿದುಹೋಗಿ ತುಕ್ಕು ಹಿಡಿಯುತ್ತದೆ. ಲೈಕಮಿಂಗ್ ಎಂಜಿನ್ನಿನಲ್ಲಿ ಕ್ಯಾಮ್ ಶಾಫ್ಟ್ ಎಂಬ ದಂಡ ಮೇಲ್ಭಾಗದಲ್ಲಿರುವುದರಿಂದ ಮೊದಲು ಒಣಗುವುದು ಅದೇ. ಶಾಸನಗಳ ನಡುವೆ ಐವತ್ತು ವರ್ಷ ಮೌನವಿದ್ದರೆ ಇತಿಹಾಸಕಾರರು ‘ಆಗ ಏನಾಯಿತು?’ ಎಂದು ಕೇಳುತ್ತಾರಲ್ಲವೇ? ಹಾಗೆಯೇ ಇದು.

ನಾಲ್ಕನೆಯದು ಪೆಟ್ಟು. ಪ್ರೊಪೆಲರ್ ಎಂದಾದರೂ ನೆಲಕ್ಕೆ ಬಡಿದಿತ್ತೇ? ಆ ಹೊಡೆತ ಒಳಗಿನ ಕ್ರ್ಯಾಂಕ್ ಶಾಫ್ಟಿನಲ್ಲಿ ಕಣ್ಣಿಗೆ ಕಾಣದ ಬಿರುಕು ಮೂಡಿಸಬಹುದು. ಹೊಸ ಪ್ರೊಪೆಲರ್ ಹಾಕಿದ ದಾಖಲೆ ಇದ್ದು, ಎಂಜಿನ್ ಬಿಚ್ಚಿ ನೋಡಿದ ದಾಖಲೆ ಇಲ್ಲವೆಂದರೆ ಅಲ್ಲಿ ನಿಲ್ಲಬೇಕು.

ಐದನೆಯದು ಮಾರ್ಪಾಡು. ಮೂಲದ್ದಕ್ಕಿಂತ ಹೆಚ್ಚು ಶಕ್ತಿಯ ಎಂಜಿನ್, ಹೆಚ್ಚುವರಿ ಟ್ಯಾಂಕು, ಬೇರೆ ಬಗೆಯ ಚಕ್ರ ಇತ್ಯಾದಿಗಳಿಗೆ ಅಧಿಕೃತ ಒಪ್ಪಿಗೆ ಇದೆಯೇ? ಮಾರ್ಪಾಡಿನ ನಂತರ ವಿಮಾನವನ್ನು ತೂಗಿ ಸಮತೋಲದ ಲೆಕ್ಕವನ್ನು ಹೊಸದಾಗಿ ಬರೆದಿದ್ದಾರೆಯೇ?

ಇಷ್ಟಾದ ಮೇಲೆ ಪುಸ್ತಕ ಮುಚ್ಚಿ ಎಂಜಿನ್ನಿನ ಬಳಿ ಹೋಗುತ್ತಾರೆ. ಪ್ರತಿ ಸಿಲಿಂಡರಿಗೂ 80 ಪೌಂಡ್ ಒತ್ತಡದ ಗಾಳಿ ಕೊಟ್ಟು, ಒಳಗೆ ಎಷ್ಟು ನಿಲ್ಲುತ್ತದೆಂದು ಅಳೆಯುತ್ತಾರೆ. 75 ನಿಂತರೆ ಸಂತೋಷ. ಬಹಳ ಕಡಿಮೆಯಾದರೆ ಗಾಳಿ ಎಲ್ಲಿ ಸೋರುತ್ತಿದೆ ಎಂದು ಕಿವಿಗೊಡುತ್ತಾರೆ. ಹೊಗೆ ಕೊಳವೆಯಲ್ಲಿ ಸದ್ದು ಬಂದರೆ ಹೊಗೆ ಹೊರಬಿಡುವ ವಾಲ್ವ್ ಸರಿಯಿಲ್ಲ. ಎಣ್ಣೆ ತುಂಬುವ ಬಾಯಿಯಲ್ಲಿ ಬಂದರೆ ಪಿಸ್ಟನ್ ರಿಂಗುಗಳು ಸವೆದಿವೆ. ಎಣ್ಣೆಯ ಫಿಲ್ಟರನ್ನು ಕತ್ತರಿಸಿ ಬಿಡಿಸಿ, ಮಡಿಕೆಗಳಲ್ಲಿ ಲೋಹದ ಚೂರುಗಳು ಮಿನುಗುತ್ತವೆಯೇ ಎಂದು ಬೆಳಕಿಗೆ ಹಿಡಿದು ನೋಡುತ್ತಾರೆ. ಪುಸ್ತಕವೂ ಲೋಹವೂ ಒಂದೇ ಮಾತು ಹೇಳಿದರೆ ವ್ಯಾಪಾರ ಮುಂದುವರಿಯುತ್ತದೆ. ಎರಡಕ್ಕೂ ಭಿನ್ನಾಭಿಪ್ರಾಯ ಬಂದರೆ ನಂಬಬೇಕಾದ್ದು ಲೋಹವನ್ನು.

ಇತಿಹಾಸದ ತರಗತಿಯಲ್ಲಿ ನೀವು ಕಲಿಯುವ ಆಧಾರ ವಿಮರ್ಶೆ ಎಂಬುದು ಇದೇ. ದಾಖಲೆ ಯಾರದು, ಯಾವಾಗ ಬರೆದದ್ದು, ಬರೆದವರಿಗೆ ಅದರಿಂದ ಏನು ಲಾಭ, ಬೇರೆ ಸಾಕ್ಷ್ಯ ಅದನ್ನು ಒಪ್ಪುತ್ತದೆಯೇ? ಹತ್ತು ವರ್ಷದ ನಮೂದುಗಳೆಲ್ಲ ಒಂದೇ ಶಾಯಿಯಲ್ಲಿ, ಒಂದೇ ಕೂಟದಲ್ಲಿ ಬರೆದಂತೆ ಕಂಡರೆ, ಅದು ತಾಮ್ರಶಾಸನವಾದರೂ ಎಂಜಿನ್ ಲಾಗ್ ಆದರೂ, ಪ್ರಶ್ನಿಸಬೇಕಾದ್ದೇ.

ನಮ್ಮ ದೇಶದಲ್ಲಿ 1934ರ ವಿಮಾನ ಕಾಯ್ದೆ ಮತ್ತು 1937ರ ನಿಯಮಗಳು ಲಾಗ್ ಪುಸ್ತಕವನ್ನು ಕಾನೂನಿನ ಚೌಕಟ್ಟಿಗೆ ತಂದವು. 2025ರ ಜನವರಿ 1ರಿಂದ ಆ ಕಾಯ್ದೆಯ ಜಾಗಕ್ಕೆ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ. ಬೆಂಗಳೂರಿಗೆ ಹೋದಾಗ, 2001ರಲ್ಲಿ ತೆರೆದ ಎಚ್‌ಎಎಲ್ ವಸ್ತುಸಂಗ್ರಹಾಲಯವನ್ನು ನೋಡಿ ಬನ್ನಿ. ಅಲ್ಲಿ ವಿಮಾನಗಳ ಜೊತೆಗೆ ಎಂಜಿನ್ನುಗಳೂ ಇವೆ. ಪ್ರತಿಯೊಂದರ ಮೈಮೇಲೆ ಸಂಖ್ಯೆಯ ಫಲಕ ಎಲ್ಲಿದೆ ಎಂದು ಹುಡುಕಿ.

ಆ ಸಂಖ್ಯೆಗೆ ಸೇರಿದ ಪುಸ್ತಕದ ಪ್ರತಿ ಸಾಲಿನ ಕೊನೆಯಲ್ಲೂ ಯಾರೋ ಒಬ್ಬರ ಸಹಿ ಇರುತ್ತದೆ. ಸಹಿ ಮಾಡಿದವರು ಆ ವಿಮಾನದಲ್ಲಿ ಕೂರುವುದಿಲ್ಲ. ಅದನ್ನು ನಂಬಿ ಹಾರುವವರನ್ನು ಅವರು ಎಂದೂ ಕಾಣದಿರಬಹುದು. ಹಾಗಿದ್ದರೂ ನಿಜವನ್ನೇ ಬರೆಯುವುದು ಬರೆಯುವವರ ಧರ್ಮ. ನಿಜವೇ ಎಂದು ಪರೀಕ್ಷಿಸುವುದು ಓದುವವರ ಧರ್ಮ. ಇವೆರಡೂ ಕೂಡಿದರೆ ಮಾತ್ರ ವಿಮಾನ ಸುರಕ್ಷಿತವಾಗಿ ನೆಲಕ್ಕಿಳಿಯುತ್ತದೆ.